ತಮ್ಮನ ಫೋನ್ ಕಿತ್ತುಕೊಳ್ಳಬೇಡಿ ಅಕ್ಕ

ಕೆಲಸ ಹೋದಾಗಿನಿಂದ ತಮ್ಮ ರಾತ್ರಿ ಮೂರರವರೆಗೂ ಗೇಮ್ ಆಡ್ತಾನೆ, ಅಪ್ಪನನ್ನ ಡಯಾಲಿಸಿಸ್‌ಗೂ ಕರ್ಕೊಂಡು ಹೋಗಲ್ಲ, ಫೋನ್ ಕಿತ್ತುಕೊಳ್ಳಲಾ ಅಂತ ಕೇಳಿದ್ದೀರಿ. ಬೇಡ ಅಕ್ಕ. ನಾನು ಅದೇ ತಪ್ಪು ಮಾಡಿದ್ದೆ. ಮಗನ ಕೋಣೆ ಬಾಗಿಲ ಸಂದಿಯಲ್ಲಿ ರಾತ್ರಿಯಿಡೀ ನೀಲಿ ಬೆಳಕು, ಮೇಜಿನ ಮೇಲೆ ಒಣಗಿದ ಅನ್ನದ ತಟ್ಟೆ. ಫೋನ್ ಕಿತ್ತುಕೊಂಡೆ, ಎರಡು ದಿನ ಮಾತೇ ಬಿಟ್ಟ. ಎರಡು ಪೇಪರ್ ಫೇಲಾಗಿ ಮುಚ್ಚಿಟ್ಟಿದ್ದಾನೆ ಅಂತ ಆಮೇಲೆ ಗೊತ್ತಾಯ್ತು. ಆಟದಲ್ಲಾದರೂ ಗೆಲ್ತಿದ್ದ ಪಾಪ, ಹೊರಗೆ ಮುಖ ತೋರಿಸೋಕೆ ಆಗ್ತಿರಲಿಲ್ಲ.

ನಿಮ್ಮ ತಮ್ಮನಿಗೂ ಕೆಲಸ ಹೋದ ಅವಮಾನ ಒಳಗೇ ಕೊರೀತಿರಬಹುದು. ಮೊದಲು ಅದನ್ನ ಮಾತಾಡಿ, ಗೇಮ್ ಸುದ್ದಿ ಎತ್ತಬೇಡಿ. ಆಮೇಲೆ ವಾರದಲ್ಲಿ ಒಂದೇ ಒಂದು ಡಯಾಲಿಸಿಸ್ ದಿನ ಅವನಿಗೆ ಒಪ್ಪಿಸಿ. ಮೊದಲ ಸಲ ನೀವೂ ಜೊತೆಗೆ ಹೋಗಿ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11ರಲ್ಲಿ ಗೇಮಿಂಗ್ ಡಿಸಾರ್ಡರ್, ಅಂದ್ರೆ ಆಟದ ಗೀಳಿನ ಕಾಯಿಲೆ, ಇದೆ ನಿಜ. ಆದರೆ ಅದಕ್ಕೆ ಸಾಮಾನ್ಯವಾಗಿ 12 ತಿಂಗಳ ಲಕ್ಷಣ ನೋಡ್ತಾರೆ, ಮನೆಯಲ್ಲೇ ರೋಗ ಅಂತ ತೀರ್ಮಾನಿಸಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೇಮ್, ಫೋನ್ ಗೀಳಿಗೆಂದೇ ಶಟ್ ಕ್ಲಿನಿಕ್ ಇದೆ. ದೂರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅವನು ಒಪ್ಪದಿದ್ದರೆ ಮೊದಲು ನೀವೇ ಮಾಡಿ.