ಗೂಗಲ್‌ನಲ್ಲಿ ಅಂಗಡಿ ಸಿಗುತ್ತಿಲ್ಲ, ದುಡ್ಡು ಕಟ್ಟಬೇಕಾ?

ಪ್ರಶ್ನೆ: ತಿಪಟೂರಿನಲ್ಲಿ ನಮ್ಮದು ಮೋಟಾರ್ ರಿವೈಂಡಿಂಗ್ ಅಂಗಡಿ. ತಂದೆಯವರ ಕಾಲದಿಂದ ಇದೆ. ಬಾಡಿಗೆ ಜಾಸ್ತಿಯಾಯಿತು ಅಂತ ಕಳೆದ ವರ್ಷ ಬೇರೆ ರಸ್ತೆಗೆ ಬಂದೆವು. ಗೂಗಲ್ ಮ್ಯಾಪ್‌ನಲ್ಲಿ ಇನ್ನೂ ಹಳೇ ಜಾಗವೇ ಇದೆ. ರೈತರು ಸುಟ್ಟ ಮೋಟಾರ್ ಹೇರಿಕೊಂಡು ಅಲ್ಲಿಗೆ ಹೋಗಿ, ಬಾಗಿಲು ಹಾಕಿದೆ ಅಂತ ಬೇರೆಯವರ ಹತ್ತಿರ ಹೋಗುತ್ತಿದ್ದಾರೆ. ಲಿಸ್ಟಿಂಗ್ ಮಾಡಿಕೊಟ್ಟ ಹುಡುಗ ಕೆಲಸ ಬಿಟ್ಟು ಹೋಗಿದ್ದಾನೆ. 'ಮೋಟಾರ್ ರಿವೈಂಡಿಂಗ್' ಅಂತ ಹುಡುಕಿದರೆ ನಮ್ಮ ಹೆಸರೇ ಬರಲ್ಲ. ಮನೆ ವೈರಿಂಗ್‌ಗೆ ಬನ್ನಿ ಅಂತ ಮಾತ್ರ ಫೋನ್ ಬರುತ್ತೆ. ಮೊನ್ನೆ ಒಬ್ಬರು 'ಗೂಗಲ್‌ನಿಂದ ಮಾತಾಡ್ತಿದ್ದೀವಿ, 12 ಸಾವಿರ ಕಟ್ಟಿ, ನಿಮ್ಮ ಅಂಗಡೀನ ಮೊದಲ ಸ್ಥಾನಕ್ಕೆ ತರ್ತೀವಿ' ಅಂದರು. ಕಟ್ಟಬಹುದಾ ಸರ್?

ಉತ್ತರ: ಕಟ್ಟಬೇಡಿ. ಒಂದು ರೂಪಾಯಿಯೂ ಬೇಡ. ಮ್ಯಾಪ್‌ನಲ್ಲಿ ಕಾಣುವ ನಿಮ್ಮ ಅಂಗಡಿಯ ಪುಟಕ್ಕೆ, ಅಂದರೆ ನೀವು ಹೇಳುವ ಲಿಸ್ಟಿಂಗ್‌ಗೆ, ಗೂಗಲ್ ಬಿಸಿನೆಸ್ ಪ್ರೊಫೈಲ್ ಅಂತ ಹೆಸರು. ಅದು ಪೂರ್ತಿ ಉಚಿತ. ಮ್ಯಾಪ್‌ನ ಪಟ್ಟಿಯಲ್ಲಿ ಮೇಲಿನ ಸ್ಥಾನವನ್ನು ಗೂಗಲ್ ಯಾರಿಗೂ ಮಾರುವುದಿಲ್ಲ. ಜಾಹೀರಾತು ಬೇರೆ ವಿಷಯ, ಅದರ ಮೇಲೆ 'ಸ್ಪಾನ್ಸರ್ಡ್' ಅಂತ ಬರೆದಿರುತ್ತದೆ. ಗೂಗಲ್‌ನಿಂದ ಕೆಲವೊಮ್ಮೆ ಯಂತ್ರದ ದನಿಯಲ್ಲಿ ಕರೆ ಬರುವುದುಂಟು. ಅಂಗಡಿ ಎಷ್ಟು ಹೊತ್ತಿಗೆ ತೆಗೆಯುತ್ತೀರಿ ಅಂತ ಕೇಳುತ್ತದೆ, ಅಷ್ಟೇ. ದುಡ್ಡು ಕೇಳುವುದಿಲ್ಲ, ಒಟಿಪಿ ಕೇಳುವುದಿಲ್ಲ. ಫೋನಿಗೆ ಬಂದ ಕೋಡನ್ನು ಹೀಗೆ ಕರೆ ಮಾಡಿದವರಿಗೆ ಹೇಳಿಬಿಟ್ಟರೆ ನಿಮ್ಮ ಅಂಗಡಿಯ ಪ್ರೊಫೈಲ್ ಅವರ ಕೈ ಸೇರಬಹುದು. ಆಮೇಲೆ ಅದನ್ನು ಬಿಡಿಸಿಕೊಳ್ಳುವುದು ದೊಡ್ಡ ತಲೆನೋವು.

ನಿಮ್ಮ ನಿಜವಾದ ತೊಂದರೆ ಸ್ಥಾನದ್ದಲ್ಲ. ಅಂಗಡಿ ನಿಮ್ಮದು, ಆದರೆ ಲಿಸ್ಟಿಂಗ್‌ನ ಬೀಗದ ಕೈ ಬೇರೆಯವರ ಜಿಮೇಲ್‌ನಲ್ಲಿದೆ. ಮೊದಲು ಅದನ್ನು ಸರಿ ಮಾಡಿಕೊಳ್ಳಿ.

ಇಂಥ ಹೊತ್ತಿನಲ್ಲಿ ಎಷ್ಟೋ ಜನ ಹೊಸದೊಂದು ಲಿಸ್ಟಿಂಗ್ ಮಾಡಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದೇ ಅಂಗಡಿಗೆ ಎರಡು ಲಿಸ್ಟಿಂಗ್ ಆಗುತ್ತದೆ. ಇಷ್ಟು ವರ್ಷದ ರಿವ್ಯೂಗಳೆಲ್ಲ ಹಳೆಯದರಲ್ಲೇ ಉಳಿಯುತ್ತವೆ, ರೈತರು ಮತ್ತೆ ಹಳೇ ಜಾಗಕ್ಕೇ ಹೋಗುತ್ತಾರೆ.

ಆ ಹುಡುಗ ಸಂಪರ್ಕದಲ್ಲಿದ್ದರೆ ಒಂದು ಫೋನ್ ಮಾಡಿ, ಕೋಪ ಬೇಡ. 'ಪೀಪಲ್ ಅಂಡ್ ಆಕ್ಸೆಸ್' ಎಂಬಲ್ಲಿ ನಿಮ್ಮ ಜಿಮೇಲನ್ನು ಓನರ್ ಅಂತ ಸೇರಿಸಲು ಹೇಳಿ. ಅವನಿಗದು ಐದು ನಿಮಿಷದ ಕೆಲಸ. ಹೊಸ ಓನರ್‌ಗೆ ಮೊದಲ 7 ದಿನ ಕೆಲವು ಅಧಿಕಾರ ಇರುವುದಿಲ್ಲ. ಅದು ಮುಗಿದ ಮೇಲೆ ಪ್ರೈಮರಿ ಓನರ್, ಅಂದರೆ ಮುಖ್ಯ ಮಾಲೀಕನ, ಸ್ಥಾನವನ್ನು ನಿಮಗೆ ವರ್ಗಾಯಿಸಿಕೊಡಲಿ. ಅವನು ಸಿಗದಿದ್ದರೂ ದಾರಿ ಇದೆ. ಮ್ಯಾಪ್‌ನಲ್ಲಿ ನಿಮ್ಮ ಅಂಗಡಿ ತೆರೆದು 'ಕ್ಲೇಮ್ ದಿಸ್ ಬಿಸಿನೆಸ್' ಒತ್ತಿ, ಮಾಲೀಕತ್ವ ಕೋರಿ ಅರ್ಜಿ ಹಾಕಿ. ಉತ್ತರ ಕೊಡಲು ಅವನಿಗೆ 3 ದಿನ ಸಮಯ ಇರುತ್ತದೆ. ಉತ್ತರ ಬರದಿದ್ದರೆ, ಅಂಗಡಿ ನಿಮ್ಮದೇ ಎಂದು ತೋರಿಸಿ ಪಡೆಯುವ ಅವಕಾಶ ಸಾಮಾನ್ಯವಾಗಿ ಸಿಗುತ್ತದೆ. ಒಂದು ವೇಳೆ ಅವನು ಬೇಡ ಅಂದರೂ ಮೇಲ್ಮನವಿ ಹಾಕಬಹುದು.

ಅಂಗಡಿ ನಿಮ್ಮದೇ ಎಂದು ತೋರಿಸಲು ಗೂಗಲ್‌ನವರು ಈಗ ಹೆಚ್ಚಾಗಿ ವಿಡಿಯೋ ಕೇಳುತ್ತಾರೆ. ಹೆದರುವಂಥದ್ದೇನಿಲ್ಲ. ರಸ್ತೆಯಲ್ಲಿ ನಿಂತು ಶುರು ಮಾಡಿ, ಅಕ್ಕಪಕ್ಕದ ಅಂಗಡಿಗಳು ಕಾಣಲಿ. ನಿಮ್ಮ ಬೋರ್ಡ್ ತೋರಿಸಿ. ಕೀ ಹಾಕಿ ಷಟರ್ ಎತ್ತಿ, ಒಳಗೆ ಬನ್ನಿ. ಬಿಚ್ಚಿಟ್ಟ ಸಬ್‌ಮರ್ಸಿಬಲ್, ಕಾಪರ್ ವೈರ್ ಸುರುಳಿ, ಕಾಯಿಲ್ ಸುತ್ತುವ ಮೆಷಿನ್, ಬಿಲ್ ಬರೆಯುವ ಟೇಬಲ್ ಎಲ್ಲ ಕಾಣಲಿ. ನಡುವೆ ನಿಲ್ಲಿಸದೆ ಒಂದೇ ಸಲ ತೆಗೆಯಬೇಕು. ಯಾರ ಮುಖವೂ ಬೇಡ, ಬ್ಯಾಂಕ್ ಕಾಗದವೂ ಬೇಡ. ಅಂದಹಾಗೆ, ಹೊಸ ಜಾಗದಲ್ಲಿ ಇನ್ನೂ ಬೋರ್ಡ್ ಹಾಕಿಲ್ಲ ಅಂದರೆ ಮೊದಲು ಹಾಕಿಸಿ. ಬೋರ್ಡ್ ಇಲ್ಲದ ವಿಡಿಯೋ ತಿರಸ್ಕಾರವಾಗುವ ಸಾಧ್ಯತೆ ಜಾಸ್ತಿ.

ಪ್ರೊಫೈಲ್ ಕೈಗೆ ಬಂದ ಕೂಡಲೇ ವಿಳಾಸ ಬದಲಿಸಿ, ಮ್ಯಾಪ್‌ನಲ್ಲಿ ಅಂಗಡಿ ಜಾಗ ತೋರಿಸುವ ಪಿನ್ ಗುರುತನ್ನು ಬೆರಳಿನಿಂದ ಎಳೆದು ಸರಿಯಾಗಿ ನಿಮ್ಮ ಬಾಗಿಲ ಮುಂದೆ ಇಡಿ. ಆಮೇಲೆ ಮತ್ತೊಮ್ಮೆ ವಿಡಿಯೋ ಕೇಳಿದರೆ ಬೇಸರ ಬೇಡ, ಕಳಿಸಿ. ಜಸ್ಟ್‌ಡಯಲ್, ಫೇಸ್‌ಬುಕ್ ಪೇಜ್‌ಗಳಲ್ಲಿ ಹಳೇ ವಿಳಾಸ ಇದ್ದರೆ ಅದನ್ನೂ ತಿದ್ದಿ.

ಇನ್ನು ವೈರಿಂಗ್ ಕರೆಗಳ ವಿಷಯ. ನನ್ನ ಊಹೆ ಇದು: ಬೋರ್ಡಿನಲ್ಲಿ 'ಎಲೆಕ್ಟ್ರಿಕಲ್ಸ್' ಅಂತ ಇದ್ದದ್ದು ನೋಡಿ ಆ ಹುಡುಗ ಪ್ರೊಫೈಲ್‌ನ ಕೆಟಗರಿಯಲ್ಲಿ, ಅಂದರೆ ಯಾವ ಬಗೆಯ ಅಂಗಡಿ ಅನ್ನುವಲ್ಲಿ, 'ಎಲೆಕ್ಟ್ರಿಷಿಯನ್' ಆರಿಸಿರಬೇಕು. ಹಾಗಿದ್ದರೆ ನೀವು ಮನೆ ವೈರಿಂಗ್ ಮಾಡುವವರು ಅಂತ ಗೂಗಲ್ ನಂಬಿಕೊಂಡಿದೆ. ಮುಖ್ಯ ಕೆಟಗರಿಯನ್ನು 'ಎಲೆಕ್ಟ್ರಿಕ್ ಮೋಟಾರ್ ರಿಪೇರಿ ಶಾಪ್' ಮಾಡಿ. ಹೆಚ್ಚುವರಿಯಾಗಿ 9 ಕೆಟಗರಿ ಸೇರಿಸಬಹುದು, ಆದರೆ ನೀವು ನಿಜವಾಗಿ ಮಾಡುವ ಕೆಲಸಕ್ಕೆ ಹೊಂದುವಂಥವು ಮಾತ್ರ ಸಾಕು. ಎಲ್ಲಕ್ಕಿಂತ ಹೆಚ್ಚು ಬದಲಾವಣೆ ಈ ಒಂದು ತಿದ್ದುಪಡಿಯಿಂದಲೇ ಕಾಣುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಆದರೆ ಅಂಗಡಿ ಹೆಸರಿನ ಜೊತೆ 'ಬೆಸ್ಟ್ ಮೋಟಾರ್ ರಿವೈಂಡಿಂಗ್ ಇನ್ ತಿಪಟೂರು' ಅಂತೆಲ್ಲ ಸೇರಿಸಬೇಡಿ. ಬೋರ್ಡಿನಲ್ಲಿ ಏನಿದೆಯೋ ಅದೇ ಹೆಸರು ಇರಬೇಕು ಅನ್ನುವುದು ಗೂಗಲ್ ನಿಯಮ. ಯಾರಾದರೂ ದೂರು ಕೊಟ್ಟರೆ ಪ್ರೊಫೈಲೇ ಅಮಾನತಾಗಬಹುದು.

ಪಟ್ಟಿಯಲ್ಲಿ ಯಾರು ಮೇಲೆ ಬರಬೇಕು ಅನ್ನುವುದಕ್ಕೆ ಗೂಗಲ್ ಹೇಳುವುದು ಮೂರು ವಿಷಯ: ಹುಡುಕಿದ್ದಕ್ಕೆ ನಿಮ್ಮ ಅಂಗಡಿ ಎಷ್ಟು ಹೊಂದುತ್ತದೆ, ಹುಡುಕಿದವರಿಂದ ಎಷ್ಟು ದೂರ ಇದೆ, ಎಷ್ಟು ಹೆಸರು ಮಾಡಿದೆ. ದೂರದ ವಿಷಯದಲ್ಲಿ ನೀವೂ ಏನೂ ಮಾಡಲಾಗದು, ಆ 12 ಸಾವಿರ ಕೇಳಿದವರೂ ಏನೂ ಮಾಡಲಾಗದು. ಅರಸೀಕೆರೆಯಲ್ಲಿ ನಿಂತು ಹುಡುಕುವವರಿಗೆ ಮೊದಲು ಅರಸೀಕೆರೆಯ ಅಂಗಡಿಗಳೇ ಕಾಣುತ್ತವೆ.

ಹೆಸರು ಮಾಡುವುದು ಮಾತ್ರ ನಿಮ್ಮ ಕೈಯಲ್ಲಿದೆ. ಪ್ರೊಫೈಲ್‌ನಲ್ಲೇ ರಿವ್ಯೂ ಕೇಳುವ ಕ್ಯೂಆರ್ ಕೋಡ್ ಸಿಗುತ್ತದೆ, ಪ್ರಿಂಟ್ ತೆಗೆದು ಬಿಲ್ ಟೇಬಲ್ ಮೇಲೆ ಅಂಟಿಸಿ. ಮೋಟಾರ್ ಒಯ್ಯಲು ಬಂದ ರೈತರಿಗೆ 'ಅಣ್ಣಾ, ಕನ್ನಡದಲ್ಲೇ ಎರಡು ಸಾಲು ಬರೀರಿ' ಅನ್ನಿ. 'ಏಳೂವರೆ ಎಚ್‌ಪಿ ಬೋರ್ ಮೋಟಾರ್ ಸುಟ್ಟಿತ್ತು, ಎರಡು ದಿನದಲ್ಲಿ ಸುತ್ತಿ ಕೊಟ್ಟರು' ಅಂತ ಒಬ್ಬರು ಬರೆದರೆ, ಬರೀ ಐದು ಸ್ಟಾರ್‌ಗಿಂತ ಅದಕ್ಕೆ ಬೆಲೆ ಜಾಸ್ತಿ. ಹುಡುಕಿದ ಪದ ರಿವ್ಯೂನಲ್ಲಿ ಇದ್ದರೆ ಗೂಗಲ್ ಕೆಲವೊಮ್ಮೆ ಆ ಸಾಲನ್ನೇ ಎತ್ತಿ ತೋರಿಸುತ್ತದೆ. ರಿವ್ಯೂ ಬರೆದರೆ ನೂರು ರೂಪಾಯಿ ಕಡಿಮೆ ಅಂತ ಮಾತ್ರ ಹೇಳಬೇಡಿ, ಅದು ನಿಯಮಕ್ಕೆ ವಿರುದ್ಧ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದು ಸಣ್ಣ ಖಾನಾವಳಿ. ಊಟಕ್ಕೇ ಬರದ ಯಾರೋ ಒಂದು ಸ್ಟಾರ್ ಕೊಟ್ಟು ಹೊಲಸು ಬೈದು ಬರೆದಿದ್ದಾರೆ. ತೆಗೆಸೋದು ಹ್ಯಾಂಗ್ರಿ?

ಉತ್ತರ: ರೊಟ್ಟಿ ಬಡಿಯುವವರ ಕಷ್ಟ ತಿಳಿಯದೆ ಹೀಗೆ ಬರೆದರೆ ನೋವಾಗುವುದು ಸಹಜ. ಆ ರಿವ್ಯೂ ಪಕ್ಕದ ಮೂರು ಚುಕ್ಕೆ ಒತ್ತಿ 'ರಿಪೋರ್ಟ್' ಮಾಡಿ. 'ನಮಗೆ ಇಷ್ಟವಾಗಲಿಲ್ಲ' ಅನ್ನುವ ಕಾರಣಕ್ಕೆ ಗೂಗಲ್ ತೆಗೆಯುವುದಿಲ್ಲ. ಹೊಲಸು ಮಾತು, ಸುಳ್ಳು ಅನುಭವ ಇದ್ದರೆ ಆ ಕಾರಣವನ್ನೇ ಆರಿಸಿ. ಆಗುವುದಿಲ್ಲ ಅಂದರೆ ಒಮ್ಮೆ ಅಪೀಲು ಹಾಕಬಹುದು. ಅಷ್ಟರಲ್ಲಿ ಕೆಳಗೆ ಎರಡು ಸಾಲು ಉತ್ತರ ಬರೆಯಿರಿ: ಯಾವ ದಿನ ಬಂದಿದ್ದಿರಿ ತಿಳಿಸಿ, ಮಾತಾಡೋಣ. ಜಗಳ ಬೇಡ. ನಾಳೆ ಊಟ ಹುಡುಕುವವರು ನಿಮ್ಮ ಉತ್ತರವನ್ನೂ ಓದುತ್ತಾರೆ.

ಪ್ರಶ್ನೆ: ಮೈಸೂರಿನಲ್ಲಿ ಮನೆಯಲ್ಲೇ ಹೋಳಿಗೆ ಮಾಡಿ ಮಾರುತ್ತೇನೆ. ಮನೆ ವಿಳಾಸ ಎಲ್ಲರಿಗೂ ಕಾಣುವುದು ನನಗೆ ಇಷ್ಟವಿಲ್ಲ. ಮ್ಯಾಪ್‌ನಲ್ಲಿ ಬರಬಹುದಾ ಮೇಡಂ?

ಉತ್ತರ: ಬರಬಹುದು. ನೀವೇ ಅಥವಾ ನಿಮ್ಮ ಮನೆಯವರೇ ಗಿರಾಕಿಗಳ ಮನೆಗೆ ಹೋಗಿ ಕೊಡುವುದಾದರೆ ವಿಳಾಸ ಮರೆಮಾಡಿ, ಯಾವ ಯಾವ ಬಡಾವಣೆಗೆ ಕೊಡುತ್ತೀರಿ ಅನ್ನುವುದನ್ನು ಮಾತ್ರ ತೋರಿಸಬಹುದು. ಹಾಗೆ 20 ಜಾಗಗಳವರೆಗೆ ಸೇರಿಸಲು ಅವಕಾಶ ಇದೆ. ಪರಿಶೀಲನೆಗೆ ಗೂಗಲ್ ವಿಳಾಸ ಕೇಳುತ್ತದೆ, ಆದರೆ ಜನರಿಗೆ ಅದು ಕಾಣುವುದಿಲ್ಲ. ಗಿರಾಕಿಗಳನ್ನು ನೋಡದೆ ಬರೀ ಕೊರಿಯರ್‌ನಲ್ಲಿ ಕಳಿಸುವುದಾದರೆ ಮಾತ್ರ ಈ ಪ್ರೊಫೈಲ್ ನಿಮಗೆ ಸಿಗುವುದಿಲ್ಲ. ಆಗ ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಮಾಡಿ, ಕಾಯಿ ಹೋಳಿಗೆ, ಬೇಳೆ ಹೋಳಿಗೆ ಬೇರೆ ಬೇರೆಯಾಗಿ ಫೋಟೋ, ಬೆಲೆ ಹಾಕಿಡಿ.