ಬಾವುಟ ಬದಲಾಯಿತು, ನೋಟು ಯಾಕೆ ಬದಲಾಗಲಿಲ್ಲ?

ಪ್ರಶ್ನೆ: ವಸಾಹತು ಸ್ವತಂತ್ರವಾದ ದಿನವೇ ಬಾವುಟ ಬದಲಾಗುತ್ತದೆ. ಹಣ ಮಾತ್ರ ವರ್ಷಗಟ್ಟಲೆ ಹಳೆಯದೇ ಓಡುತ್ತದೆ. ನೋಟು ಅಚ್ಚು ಹಾಕಿಸಲು ಅಷ್ಟು ಕಾಲ ಬೇಕೆ?

ಉತ್ತರ: ಅಚ್ಚು ಹಾಕಿಸುವುದು ಸುಲಭ. ತೊಡಕಿರುವುದು ನೋಟಿನ ಹಿಂದಿರುವ ಆಸ್ತಿಯಲ್ಲಿ. ಪಶ್ಚಿಮ ಆಫ್ರಿಕಾದ ಬ್ರಿಟಿಷ್ ವಸಾಹತುಗಳ ಹಣದ ಉಸ್ತುವಾರಿಯನ್ನು 1912ರಿಂದ ನೋಡಿಕೊಳ್ಳುತ್ತಿದ್ದುದು ಲಂಡನ್ನಿನ ಒಂದು ಕರೆನ್ಸಿ ಮಂಡಳಿ. ಅಲ್ಲಿ ಪೌಂಡ್ ಜಮೆಯಾದರಷ್ಟೇ ಇಲ್ಲಿ ಅಷ್ಟು ಮೊತ್ತದ ಸ್ಥಳೀಯ ಹಣ ಹೊರಬರುತ್ತಿತ್ತು. ವಸಾಹತಿನ ಸರ್ಕಾರಕ್ಕೆ ತುರ್ತಿದೆಯೆಂದು ಹೆಚ್ಚು ನೋಟು ಬಿಡುವ ಅಧಿಕಾರ ಇರಲಿಲ್ಲ. ಹಾಗಾಗಿ ಹೊಸ ದೇಶ ಮೊದಲು ಕಾನೂನು ಮಾಡಿ ಕೇಂದ್ರ ಬ್ಯಾಂಕ್ ಕಟ್ಟಬೇಕು. ಆಮೇಲೆ ಜನರಿಂದ ಹಳೆಯ ನೋಟು ಹಿಂಪಡೆದು, ಮಂಡಳಿಗೆ ಒಪ್ಪಿಸಿ, ಅದಕ್ಕೆ ಸಲ್ಲಬೇಕಾದ ಪೌಂಡ್ ಪಡೆಯಬೇಕು. ಹೊಸ ನೋಟಿಗೆ ಆಧಾರ ಅದೇ. ಘಾನಾ ಸ್ವತಂತ್ರವಾದದ್ದು 1957ರ ಮಾರ್ಚ್ 6ರಂದು, ಘಾನಾ ಪೌಂಡ್ ಬಂದದ್ದು 1958ರಲ್ಲಿ. ಅದೂ ಬ್ರಿಟಿಷ್ ಪೌಂಡಿಗೆ ಸರಿಸಮನಾಗಿಯೇ ಇತ್ತು; ಅದರ ಬದಲಿಗೆ ಸೆಡಿ ಎಂಬ ಹೊಸ ಹಣ ಬರಲು 1965 ಆಯಿತು. ನೈಜೀರಿಯಾದ್ದು ಉಲ್ಟಾ: ಸ್ವಂತ ಪೌಂಡ್ 1959ರಲ್ಲಿ, ಸ್ವಾತಂತ್ರ್ಯ 1960ರಲ್ಲಿ!

ಪ್ರಶ್ನೆ: ಸಂಬಂಧವನ್ನು ಒಮ್ಮೆಲೇ ಕಡಿದುಕೊಂಡರೆ ಒಳ್ಳೆಯದಲ್ಲವೆ?

ಉತ್ತರ: ಪಶ್ಚಿಮ ಆಫ್ರಿಕಾದಲ್ಲಿ ಫ್ರೆಂಚರ ವಸಾಹತಾಗಿದ್ದ ಮಾಲಿ ಹಾಗೆ ಮಾಡಿ ನೋಡಿತು. ಅಲ್ಲಿನ ಹಳೆಯ ಫ್ರೆಂಚ್ ವಸಾಹತುಗಳ ಕೂಟ ಒಟ್ಟಾಗಿ ಬಳಸುತ್ತಿದ್ದ, ಫ್ರಾನ್ಸ್ ಬೆಂಬಲದ ಸಿಎಫ್‌ಎ ಫ್ರಾಂಕ್ ಬಿಟ್ಟು 1962ರ ಜುಲೈಯಲ್ಲಿ ತನ್ನದೇ ಫ್ರಾಂಕ್ ತಂದಿತು. ಬೆಲೆ ಸಮವೆಂದು ಸರ್ಕಾರ ಹೇಳಿತು, ಗಡಿಯಾಚೆಯ ಮಾರುಕಟ್ಟೆ ಒಪ್ಪಲಿಲ್ಲ. ನೆರೆದೇಶಗಳೊಂದಿಗೆ ವ್ಯಾಪಾರ ಮಾಡಿ ಬದುಕುತ್ತಿದ್ದ ವರ್ತಕರು ಅದೇ ತಿಂಗಳು ರಾಜಧಾನಿ ಬಮಾಕೋದಲ್ಲಿ ಬೀದಿಗಿಳಿದರು. 1967ರಲ್ಲಿ ಮಾಲಿ ಫ್ರಾಂಕಿನ ಬೆಲೆಯನ್ನು ಅರ್ಧಕ್ಕೆ ಇಳಿಸಬೇಕಾಯಿತು. 1984ರಲ್ಲಿ ಎರಡು ಮಾಲಿ ಫ್ರಾಂಕಿಗೆ ಒಂದು ಸಿಎಫ್‌ಎ ಲೆಕ್ಕದಲ್ಲಿ ದೇಶ ಹಳೆಯ ಕೂಟಕ್ಕೇ ಮರಳಿತು. ತಪ್ಪು ಸ್ವಂತ ಹಣ ತಂದದ್ದರಲ್ಲಿ ಇರಲಿಲ್ಲ. ವಿದೇಶಿ ವಿನಿಮಯದ ದಾಸ್ತಾನಿಲ್ಲದೆ ಬೆಲೆ ಘೋಷಿಸಿದ್ದರಲ್ಲಿ ಇತ್ತು ಎಂಬುದು ನಮ್ಮ ಎಣಿಕೆ.

ಪ್ರಶ್ನೆ: ಭಾರತದಲ್ಲಿ 1947ರ ನಂತರವೂ ಹಣದ ಮೇಲೆ ಬ್ರಿಟಿಷ್ ದೊರೆಯ ಚಿತ್ರವಿತ್ತೆ?

ಉತ್ತರ: ಇತ್ತು. ಹೊಸ ವಿನ್ಯಾಸದ ಒಂದು ರೂಪಾಯಿ ನೋಟು 1949ರಲ್ಲಿ, ಹೊಸ ನಾಣ್ಯಗಳು 1950ರ ಆಗಸ್ಟ್ 15ರಂದು ಬಂದವು. ಗಾಂಧೀಜಿ ಚಿತ್ರದ ಮಾದರಿಗಳೂ ತಯಾರಾಗಿದ್ದವು. ಕೊನೆಗೆ ಸಾರನಾಥದ ಸಿಂಹಗಳನ್ನು ಆರಿಸಿದರು. ಆದರೆ ಜನರಿಗೆ ನಿಜವಾಗಿ ತಲೆನೋವಾದದ್ದು ಚಿತ್ರವಲ್ಲ, 1957ರ ಏಪ್ರಿಲ್ 1ರ ದಶಮಾಂಶ ಪದ್ಧತಿ. ರೂಪಾಯಿಗೆ 16 ಆಣೆ ಇದ್ದದ್ದು 100 ನಯಾ ಪೈಸೆಯಾಯಿತು. ಲೆಕ್ಕಕ್ಕೆ ಒಂದಾಣೆ ಎಂದರೆ ಆರೂಕಾಲು ಪೈಸೆ, ಕಾಲು ಪೈಸೆಯ ನಾಣ್ಯ ಮಾತ್ರ ಇಲ್ಲ. ಹಾಗಾಗಿ ಒಂದಾಣೆಗೆ 6, ನಾಲ್ಕಾಣೆಗೆ 25 ಎಂದು ಗೊತ್ತುಮಾಡಿದರು. ಒಂದಾಣೆಯ ಸಾಮಾನನ್ನು ನಾಲ್ಕು ಸಲ ಬಿಡಿಬಿಡಿಯಾಗಿ ಕೊಂಡವರಿಗೆ ಒಂದು ಪೈಸೆ ಉಳಿಯುತ್ತಿತ್ತು.