ಮೂರು ವಾರ ತೆರೆಯದ ತರಗತಿ: ಗ್ರಂಥಾಲಯ ವಿಜ್ಞಾನದ ಹೊಸ ವಿದ್ಯಾರ್ಥಿನಿಯೊಬ್ಬರ ಪ್ರಕರಣ

ಇಲ್ಲಿ ಶಾಂತಾ ಎಂದು ಕರೆದಿರುವ ಮಹಿಳೆಯ ಅನುಮತಿ ಪಡೆದೇ ಈ ವಿವರಗಳನ್ನು ಬರೆಯುತ್ತಿದ್ದೇನೆ. ಹೆಸರು, ಊರು, ವಯಸ್ಸು ಮತ್ತು ಮನೆಯ ಸಂಗತಿಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಮೂವತ್ತೇಳು ವರ್ಷದ ಶಾಂತಾ ಉತ್ತರ ಕರ್ನಾಟಕದ ಒಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಈಗ ಎಲ್ಲರೂ ಅರಿವು ಕೇಂದ್ರ ಎನ್ನುವ ಕಡೆ, ಹನ್ನೊಂದು ವರ್ಷಗಳಿಂದ ಮೇಲ್ವಿಚಾರಕಿ. ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಪದವಿಗೆ ಆನ್‌ಲೈನ್ ಮೂಲಕ ಪ್ರವೇಶ ಪಡೆದು ಮೂರು ವಾರವಾಗಿದ್ದಾಗ ಅವರು ನನಗೆ ಫೋನ್ ಮಾಡಿದರು. "ಶುಲ್ಕ ವಾಪಸ್ ಬರುತ್ತದೆಯೇ ಮೇಡಂ?" ಎಂಬುದು ಅವರ ಮೊದಲ ಪ್ರಶ್ನೆಯಾಗಿತ್ತು.

ಮೊದಲ ನೇರ ತರಗತಿಯಲ್ಲಿ ಎಲ್ಲರೂ ತಮ್ಮ ಪರಿಚಯವನ್ನು ಇಂಗ್ಲಿಷಿನಲ್ಲಿ ಹೇಳಿಕೊಳ್ಳುತ್ತಿದ್ದರಂತೆ. ತಮ್ಮ ಸರದಿ ಹತ್ತಿರ ಬರುವುದನ್ನು ಕಂಡು ಶಾಂತಾ ಕ್ಯಾಮೆರಾ ಮುಚ್ಚಿ ಹೊರಬಂದಿದ್ದರು, ಆಮೇಲೆ ಪೋರ್ಟಲ್ಲನ್ನು ತೆರೆದೇ ಇರಲಿಲ್ಲ. ದಿನ ಕಳೆದಂತೆ ಮೊಬೈಲಿನಲ್ಲಿ ಸೂಚನೆಗಳ ಸಂಖ್ಯೆ ಏರುತ್ತಿತ್ತು, ಅದನ್ನು ಕಂಡಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು. ರಾತ್ರಿ ಎರಡಕ್ಕೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಇದರ ನಡುವೆ "ಈ ವಯಸ್ಸಿನಲ್ಲಿ ನಿನಗೆ ಇದೆಲ್ಲ ಯಾಕೆ ಬೇಕಿತ್ತು" ಎಂಬ ಅತ್ತೆಯವರ ಮಾತೂ ಸೇರಿಕೊಂಡಿತ್ತು.

ಓದು ಬಿಡುವ ವಿಚಾರವನ್ನು ಎರಡು ವಾರ ಮುಂದಕ್ಕೆ ಹಾಕೋಣ, ಅಲ್ಲಿಯವರೆಗೆ ಯಾವ ಅರ್ಜಿಯನ್ನೂ ಬರೆಯಬೇಡಿ ಎಂದು ಕೇಳಿಕೊಂಡೆ. ಭಯದಲ್ಲಿರುವಾಗ ಮಾಡಿದ ತೀರ್ಮಾನವನ್ನು ನಾನು ತೀರ್ಮಾನವೆಂದು ಪರಿಗಣಿಸುವುದಿಲ್ಲ. ಎರಡನೆಯ ಭೇಟಿಯಲ್ಲಿ, ವಿಡಿಯೊ ಕರೆಯಲ್ಲಿ ನಾನು ಜೊತೆಗಿರುವಾಗಲೇ ಪೋರ್ಟಲ್ ತೆರೆಯಲು ಹೇಳಿದೆ. ಅರವತ್ತನಾಲ್ಕು ಸೂಚನೆಗಳಿದ್ದವು. ಒಂದೊಂದನ್ನೇ ಗಟ್ಟಿಯಾಗಿ ಓದಿ, ಇದಕ್ಕೆ ನೀವು ಏನಾದರೂ ಮಾಡಬೇಕೇ, ಯಾವ ತಾರೀಖಿನೊಳಗೆ ಎಂದು ಕಾಗದದ ಮೇಲೆ ಬರೆಯಿರಿ ಎಂದೆ. ಸುಮಾರು ನಲವತ್ತು ನಿಮಿಷ ಹಿಡಿಯಿತು. ಕೊನೆಗೆ ಕಾಗದದಲ್ಲಿ ಉಳಿದದ್ದು ಮೂರೇ ಸಾಲು: ಒಂದು ಅಸೈನ್‌ಮೆಂಟ್, ಒಂದು ಸ್ವಯಂ ಮೌಲ್ಯಮಾಪನ, ಪರೀಕ್ಷಾ ಅರ್ಜಿಯ ಕೊನೆಯ ದಿನಾಂಕ. ಮಿಕ್ಕವೆಲ್ಲ ಹೊಸ ವಿಡಿಯೊ ಬಂದಿದೆ, ಯಾರೋ ಚರ್ಚೆಯಲ್ಲಿ ಉತ್ತರಿಸಿದ್ದಾರೆ ಎಂಬಂಥವು. ನಮ್ಮಲ್ಲಿ ಆನ್‌ಲೈನ್ ಪದವಿಗಳ ಪಾಠಕ್ಕೆ ವಿಡಿಯೊ, ಓದುವ ಪಠ್ಯ, ಸ್ವಯಂ ಮೌಲ್ಯಮಾಪನ, ಚರ್ಚಾ ವೇದಿಕೆ ಎಂದು ನಾಲ್ಕು ಭಾಗಗಳಿರುತ್ತವೆ. ಈ ನಾಲ್ಕನ್ನೂ ಒಂದೇ ದಿನ, ಒಂದೇ ತೂಕದಲ್ಲಿ ಹೊರಬೇಕೆಂದು ಹೊಸಬರು ಭಾವಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಮೊದಲು ಪಠ್ಯ ಓದಿ, ತಿಳಿಯದ ಕಡೆ ಮಾತ್ರ ವಿಡಿಯೊ ನೋಡಿ ಎಂಬುದು ನನ್ನ ಸಲಹೆಯಾಗಿತ್ತು.

ಮೂರನೆಯ ಭೇಟಿಯಲ್ಲಿ ತೊಂದರೆಯ ಇನ್ನೊಂದು ಮುಖ ತಿಳಿಯಿತು. ಇಂಗ್ಲಿಷ್ ಬಾರದ್ದರಿಂದ ವರ್ಗೀಕರಣದ, ಅಂದರೆ ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಕ್ರಮದ ಪಾಠ ತಲೆಗೆ ಹೋಗುತ್ತಿಲ್ಲ ಎಂದು ಶಾಂತಾ ನಂಬಿದ್ದರು. ನಿಮ್ಮ ಗ್ರಂಥಾಲಯದಲ್ಲಿ ಪುಸ್ತಕಗಳನ್ನು ಹೇಗೆ ಜೋಡಿಸಿದ್ದೀರಿ ಎಂದು ಕೇಳಿದಾಗ, ದಾಖಲಾತಿ ಪುಸ್ತಕದ ಕ್ರಮಸಂಖ್ಯೆಯ ಪ್ರಕಾರ ಎಂದರು. ಅದು ಅಕ್ಸೆಶನ್ ನಂಬರ್, ಅಂದರೆ ಪುಸ್ತಕ ಗ್ರಂಥಾಲಯದ ಆಸ್ತಿಯಾದ ಕ್ರಮವನ್ನು ಹೇಳುವ ಸಂಖ್ಯೆ. ಪಾಠದಲ್ಲಿದ್ದದ್ದು ಕಾಲ್ ನಂಬರ್, ಅಂದರೆ ವಿಷಯವನ್ನು ಆಧರಿಸಿ ಪುಸ್ತಕದ ಜಾಗವನ್ನು ಹೇಳುವ ಸಂಖ್ಯೆ. ಹನ್ನೊಂದು ವರ್ಷ ಒಂದೇ ಸಂಖ್ಯೆಯಿಂದ ಕೆಲಸ ನಡೆಸಿದವರಿಗೆ ಈ ಎರಡೂ ಒಂದಾಗಿ ಕಂಡದ್ದು ಸಹಜವೇ ಆಗಿತ್ತು. ಇದಕ್ಕೂ ಇಂಗ್ಲಿಷಿಗೂ ಸಂಬಂಧವಿರಲಿಲ್ಲ.

ಆದ್ದರಿಂದ ಅವರಿಗೆ ಒಂದು ಮನೆಗೆಲಸ ಕೊಟ್ಟೆ. ಕಪಾಟಿನಿಂದ ಹತ್ತು ಕನ್ನಡ ಪುಸ್ತಕ ತೆಗೆದು, ಪ್ರತಿ ವಿಷಯಕ್ಕೂ ಒಂದು ಸಂಖ್ಯೆ ಕೊಡುವ ಡ್ಯೂಯಿ ದಶಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕಿರುವ 894.814 ಎಂಬ ಸಂಖ್ಯೆಯಿಂದ ಆರಂಭಿಸಿ, ಅದರ ಕೊನೆಗೆ ಕವಿತೆಗೆ 1, ಕಥೆ ಕಾದಂಬರಿಗೆ 3 ಸೇರಿಸಿ ಚೀಟಿ ಬರೆಯಬೇಕು. ವಾರದ ನಂತರ ಒಂದು ಚಿತ್ರ ಕಳಿಸಿದರು: ಕ್ಯಾಲೆಂಡರಿನ ಹಿಂಬದಿಯಿಂದ ಕತ್ತರಿಸಿದ ಹತ್ತು ಚೀಟಿಗಳು, ಪ್ರತಿಯೊಂದರಲ್ಲೂ ಎಡಗಡೆ ನೀಲಿ ಶಾಯಿಯಲ್ಲಿ ಹಳೆಯ ಸಂಖ್ಯೆ, ಬಲಗಡೆ ಕೆಂಪಿನಲ್ಲಿ ಹೊಸದು. ಬೇರೆ ಬೇರೆ ವರ್ಷ ಬಂದು ಬೇರೆ ಬೇರೆ ಕಪಾಟುಗಳಲ್ಲಿದ್ದ ಎರಡು ಕವನ ಸಂಕಲನಗಳು ಕೆಂಪು ಸಂಖ್ಯೆಯ ಪ್ರಕಾರ ಅಕ್ಕಪಕ್ಕ ಬರಬೇಕಾಗಿತ್ತು. "ಇವೆರಡನ್ನೂ ಕೇಳಿ ಬರುವವರು ಒಬ್ಬರೇ ಮೇಡಂ" ಎಂದು ಕೆಳಗೆ ಬರೆದಿದ್ದರು.

ಆ ಹೊತ್ತಿನಲ್ಲಿ ಅವರಿಗೆ ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನಿಸಿಕೊಂಡ ಎಸ್.ಆರ್. ರಂಗನಾಥನ್ ಅವರ ಆರಂಭದ ದಿನಗಳನ್ನು ಹೇಳಿದೆ. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ನೇಮಕಗೊಂಡು, ಕೆಲವೇ ದಿನಗಳಲ್ಲಿ ಬೇಸತ್ತು, ಪಾಠ ಹೇಳುವ ಕೆಲಸಕ್ಕೇ ಮರಳುತ್ತೇನೆ ಎಂದು ಕೇಳಿಕೊಂಡಿದ್ದರು. ಲಂಡನ್ನಿಗೆ ಹೋಗಿ ಗ್ರಂಥಾಲಯ ಕ್ರಮವನ್ನು ಕಲಿತು ಬನ್ನಿ, ಆಮೇಲೂ ಬೇಡವೆನಿಸಿದರೆ ನೋಡೋಣ ಎಂಬ ಒಪ್ಪಂದದ ಮೇಲೆ ಹೋದವರು ಮನಸ್ಸು ಬದಲಿಸಿ ಬಂದರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದ್ದೂ, 1962ರಲ್ಲಿ ಬೆಂಗಳೂರಿನಲ್ಲಿ ಈ ವಿಷಯದ ಸಂಶೋಧನೆ ಮತ್ತು ತರಬೇತಿ ಕೇಂದ್ರವಾದ ಡಿಆರ್‌ಟಿಸಿಯನ್ನು ಕಟ್ಟಿದ್ದೂ ಅವರೇ. ಶಾಂತಾ ಅವರಿಗೆ ನಾನು ಕೇಳಿದ ಎರಡು ವಾರದ ಗಡುವೂ ಅಂಥದೇ ಒಪ್ಪಂದವೆಂದು ತಿಳಿಯಿರಿ ಎಂದೆ.

ಉಳಿದ ಸಲಹೆಗಳು ಸಣ್ಣವು, ಆದರೆ ಅವುಗಳಿಂದಲೇ ದಿನ ನಡೆಯಿತು. ಮನೆಯ ಒಂದೇ ಮೊಬೈಲನ್ನು ಒಂಬತ್ತನೆಯ ತರಗತಿಯ ಮಗನೊಂದಿಗೆ ಹಂಚಿಕೊಂಡು ಪದವಿ ಓದಲಾಗದು. ಆದ್ದರಿಂದ ಕೆಲಸದ ಅವಧಿ ಮುಗಿದ ಮೇಲೆ ಗ್ರಂಥಾಲಯದ ಕಂಪ್ಯೂಟರನ್ನು ಒಂದು ಗಂಟೆ ಬಳಸಲು ಪಿಡಿಒ ಅವರಿಗೆ ಲಿಖಿತ ಮನವಿ ಕೊಡಿ, ಬಾಯಿಮಾತಿನ ಒಪ್ಪಿಗೆ ನಾಳೆ ನಿಮ್ಮ ಮೇಲೆಯೇ ತಿರುಗಬಹುದು ಎಂದು ಹೇಳಿದೆ. ಒಪ್ಪಿಗೆ ಸಿಕ್ಕಿತು. ಪಾರಿಭಾಷಿಕ ಪದಗಳಿಗೆ ಒಂದು ನೋಟ್‌ಬುಕ್ ಇಟ್ಟು, ಒಂದು ಬದಿ ಇಂಗ್ಲಿಷ್ ಪದ, ಎದುರು ಬದಿ ತಮ್ಮದೇ ಕನ್ನಡದಲ್ಲಿ ಅರ್ಥ ಮತ್ತು ತಮ್ಮ ಗ್ರಂಥಾಲಯದ್ದೇ ಉದಾಹರಣೆ ಬರೆಯಲು ತಿಳಿಸಿದೆ. ಅತ್ತೆಯವರೊಂದಿಗೆ ವಾದ ಮಾಡುವ ಬದಲು, ಸಂಜೆ ಆರರಿಂದ ಏಳರವರೆಗೆ ಒಲೆಯ ಕೆಲಸ ಯಾರು ನೋಡಿಕೊಳ್ಳುತ್ತಾರೆ ಎಂಬ ಒಂದೇ ವಿಷಯವನ್ನು ಗಂಡನೊಂದಿಗೆ ತೀರ್ಮಾನಿಸಿಕೊಳ್ಳಲು ಹೇಳಿದೆ. ಪದವಿ ಬಂದ ಕೂಡಲೇ ಹುದ್ದೆ ಬದಲಾಗುವುದಿಲ್ಲ, ನೇಮಕಾತಿ ಅಧಿಸೂಚನೆಯಲ್ಲಿ ಕೇಳುವ ಅರ್ಹತೆಯನ್ನು ಪ್ರತಿ ಸಲವೂ ಓದಿಕೊಳ್ಳಬೇಕು ಎಂಬುದನ್ನೂ ಮುಚ್ಚಿಡಲಿಲ್ಲ.

ಚರ್ಚಾ ವೇದಿಕೆಯಲ್ಲಿ ಬರೆಯಲು ಅವರು ಹಿಂಜರಿದದ್ದು ಎಲ್ಲಕ್ಕಿಂತ ಹೆಚ್ಚು ಕಾಲ. ಪರಿಚಯ ಬರೆಯಬೇಡಿ, ನಿಮ್ಮ ಕೆಲಸದಲ್ಲಿ ನಿಜವಾಗಿ ಎದುರಾದ ಒಂದು ಪ್ರಶ್ನೆಯನ್ನು ಮಾತ್ರ ಕೇಳಿ ಎಂದೆ. ಸೂಚೀಕರಣದ, ಅಂದರೆ ಗ್ರಂಥಾಲಯದ ಪುಸ್ತಕಗಳ ಪಟ್ಟಿ (ಕ್ಯಾಟಲಾಗ್) ತಯಾರಿಸುವ ಪಾಠ ಬಂದಾಗ ಅವರು ನಾಲ್ಕು ಸಾಲಿನ ಸರಳ ಇಂಗ್ಲಿಷಿನಲ್ಲಿ ಕೇಳಿದರು: ನಮ್ಮ ಓದುಗರು ಕುವೆಂಪು ಎಂದೇ ಕೇಳುತ್ತಾರೆ, ಹಾಗಿದ್ದರೆ ನಮೂದು ಕುವೆಂಪು ಎಂದಿರಬೇಕೋ, ಪುಟ್ಟಪ್ಪ, ಕೆ.ವಿ. ಎಂದಿರಬೇಕೋ? ಊರು ಮತ್ತು ತಂದೆಯ ಹೆಸರು ಇನಿಶಿಯಲ್ ಆಗಿ ಮುಂದೆ ಬರುವ ನಮ್ಮ ಹೆಸರುಗಳಲ್ಲಿ ಇದು ಸೂಚೀಕರಣದ ನಿಜವಾದ ತೊಡಕು. ಉತ್ತರಗಳು ಬಂದವು, ಒಂದು ಹೆಸರಿನಿಂದ ಇನ್ನೊಂದಕ್ಕೆ ಕೊಂಡಿ ಕೊಡುವ ಉಲ್ಲೇಖ ನಮೂದಿನ ಬಗ್ಗೆ ಅಧ್ಯಾಪಕರೂ ವಿವರಿಸಿದರು.

ಮೊದಲ ಅಸೈನ್‌ಮೆಂಟನ್ನು ಶಾಂತಾ ಗಡುವಿಗೆ ಎರಡು ದಿನ ಮೊದಲೇ ಸಲ್ಲಿಸಿದರು, ಅಂಕ ಸಾಧಾರಣವಾಗಿ ಬಂತು. ನೇರ ತರಗತಿಯಲ್ಲಿ ಇಂದಿಗೂ ಕ್ಯಾಮೆರಾ ತೆರೆಯುವುದಿಲ್ಲ, ನಾನೂ ಒತ್ತಾಯಿಸಿಲ್ಲ. ಈ ಸಲ ಎಲ್ಲ ಪತ್ರಿಕೆಗಳನ್ನೂ ಬರೆಯದೆ ಎರಡನ್ನು ಮುಂದಿನ ಪರೀಕ್ಷೆಗೆ ಉಳಿಸಿಕೊಳ್ಳುವ ಯೋಚನೆಯಲ್ಲಿದ್ದಾರೆ. ಅದಕ್ಕೆ ಅವಕಾಶವಿದೆಯೇ, ಹೆಚ್ಚುವರಿ ಶುಲ್ಕ ಎಷ್ಟು ಎಂದು ಅಧ್ಯಯನ ಕೇಂದ್ರಕ್ಕೆ ತಾವೇ ಪತ್ರ ಬರೆದಿದ್ದಾರೆ. ಉತ್ತರ ಬಂದ ಮೇಲೆ ನಮ್ಮ ಮುಂದಿನ ಭೇಟಿ.